ಕಂಡಕ್ಟರ್ ರಾಮಾಂಜಿನಯ್ಯನವರ ಹದಿನೇಳು ರೂಪಾಯಿ

ತುಮಕೂರಿನ ಉಪ್ಪಾರಹಳ್ಳಿಯ ರಾಮಾಂಜಿನಯ್ಯನವರು ಎಲ್ಲಿ ನಿಂತರೂ ಎರಡು ಪಾದಗಳ ನಡುವೆ ಮೊಳದಷ್ಟು ಅಂತರ ಬಿಟ್ಟು, ಬೆನ್ನನ್ನು ಕಂಬಕ್ಕೋ ಬಾಗಿಲ ಚೌಕಟ್ಟಿಗೋ ಒರಗಿಸಿ, ಈ ಭೂಮಂಡಲ ಯಾವ ಗಳಿಗೆಯಲ್ಲಾದರೂ ಗಕ್ಕನೆ ಬ್ರೇಕ್ ಹಾಕೀತು ಎಂಬ ಎಚ್ಚರದಲ್ಲೇ ನಿಲ್ಲುತ್ತಿದ್ದರು. ಮೂವತ್ತೊಂದು ವರ್ಷ ತುಮಕೂರು-ಕುಣಿಗಲ್, ತುಮಕೂರು-ಗುಬ್ಬಿ-ಕಡಬ ಮಾರ್ಗದ ಬಸ್ಸುಗಳಲ್ಲಿ ಕಂಡಕ್ಟರಾಗಿ ತೂಗಾಡಿದವರಿಗೆ ನಿಶ್ಚಲವಾದ ನೆಲದ ಮೇಲೆ ಸಂಪೂರ್ಣ ನಂಬಿಕೆ ಹುಟ್ಟುವುದು ಕಷ್ಟ. ದೇವಸ್ಥಾನದಲ್ಲಿ ಮಂಗಳಾರತಿಯ ಹೊತ್ತಿಗೆ ಅವರ ಎಡಗೈ ಮೊದಲು ತಲೆಯ ಮೇಲಿನ ಕಂಬಿಯನ್ನು ಹುಡುಕಿ, ಅದು ಸಿಗದೆ, ಆಮೇಲೆ ಬಲಗೈಯ ಜತೆ ಸೇರಿ ಮುಗಿಯುತ್ತಿತ್ತು. ಮದುವೆಮನೆಯ ಬಾಗಿಲಲ್ಲಿ ನಾಲ್ಕು ಜನ ಗುಂಪುಗೂಡಿದ್ದರೆ ಸಾಕು, "ಮುಂದಕ್ಕೆ ನಡೀರಿ, ಒಳಗೆ ಖಾಲಿ ಐತೆ" ಎಂಬ ಮಾತು ಅವರ ಬಾಯಿಂದ ತಾನಾಗಿಯೇ ಹೊರಬೀಳುತ್ತಿತ್ತು. ಗಂಡಿನ ಕಡೆಯ ಹಿರಿಯರೂ ಒಂದು ಕ್ಷಣ ತಬ್ಬಿಬ್ಬಾಗಿ ಮುಂದಕ್ಕೆ ನಡೆದುಬಿಡುತ್ತಿದ್ದರು.

ತೊಂಬತ್ತೆಂಟರಲ್ಲಿ ನಿವೃತ್ತರಾದಾಗ ಅವರು ಮನೆಗೆ ತಂದದ್ದು ಎರಡೇ ವಸ್ತು. ಒಂದು, ಖಾಕಿ ಕೋಟು. ಇನ್ನೂ ಗಟ್ಟಿಯಾಗಿರುವ ಬಟ್ಟೆಯನ್ನು ಮೂಲೆಗೆಸೆಯುವುದು ಪಾಪವೆಂದು, ಅದನ್ನು ಹಂಡೆಯಲ್ಲಿ ಕರಿಬಣ್ಣಕ್ಕೆ ಅದ್ದಿದರು. ಅದು ಕಪ್ಪಾಗಲು ಒಪ್ಪದೆ, ನೆನೆಸಿದ ಹುಣಸೆಹಣ್ಣಿನ ಬಣ್ಣಕ್ಕೆ ತಿರುಗಿತು. ಅದನ್ನೇ ಅವರು ಬಿಸಿಲು ಮಳೆ ಎನ್ನದೆ ತೊಟ್ಟರು. ಇನ್ನೊಂದು, ಬರೆಯುವ ಚಾಳಿ. ಬಸ್ಸಿನಲ್ಲಿ ಪ್ರತಿ ಸ್ಟೇಜ್ ಬಂದಾಗಲೂ ಎಷ್ಟು ಟಿಕೆಟ್ ಹರಿಯಿತೆಂದು ವೇ ಬಿಲ್ ಎಂಬ ಹಾಳೆಯಲ್ಲಿ ಗುರುತು ಹಾಕಿಕೊಳ್ಳಬೇಕಲ್ಲ, ಆ ಅಭ್ಯಾಸ ಬಸ್ಸಿನಿಂದ ಇಳಿದ ಮೇಲೂ ಬಿಡಲಿಲ್ಲ. ಕೋಟಿನ ಜೇಬಿನಲ್ಲೊಂದು ಪುಟ್ಟ ನೋಟ್‌ಬುಕ್ಕು, ಕಿವಿಯ ಸಂದಿಯಲ್ಲೊಂದು ಮೋಟು ಪೆನ್ಸಿಲ್ಲು. ಹಾಲಿನ ಬೂತಿಗೆ ಹೋದರೆ ಎಷ್ಟು ಹೊತ್ತಿಗೆ, ಮುಂದೆ ಎಷ್ಟು ಜನ; ಆಸ್ಪತ್ರೆಗೆ ಹೋದರೆ ಡಾಕ್ಟರು ಬಂದದ್ದೆಷ್ಟಕ್ಕೆ, ಗೋಡೆಯ ಮೇಲೆ ಏನೇನು ಅಂಟಿಸಿದ್ದರು; ಎಲ್ಲವೂ ದಾಖಲು. ಹೆಂಡತಿ ಲಕ್ಷ್ಮೀದೇವಮ್ಮನವರು, "ನಾನು ಸತ್ರೂ ಮೊದಲು ಟೈಮ್ ಬರ್ಕೊಂಡು ಆಮೇಲೆ ಅಳ್ತೀರ ನೀವು" ಎಂದು ಚುಚ್ಚುತ್ತಿದ್ದರು. ರಾಮಾಂಜಿನಯ್ಯನವರು ಅದನ್ನು ಅಲ್ಲಗಳೆದದ್ದಿಲ್ಲ.

ಆ ಮೂವತ್ತೊಂದು ವರ್ಷಗಳಲ್ಲಿ ಅವರ ಮೇಲೆ ಒಂದು ಕೇಸೂ ಬಿದ್ದಿರಲಿಲ್ಲ. ಕಂಡಕ್ಟರ್ ಜಾತಿಗೆ ಇದೊಂದು ತಪಸ್ಸು. ನಾಗವಲ್ಲಿಯ ಹತ್ತಿರ, ಮಲ್ಲಸಂದ್ರದ ಹತ್ತಿರ, ಎಲ್ಲೆಂದರಲ್ಲಿ ಕೈ ಅಡ್ಡ ಹಾಕಿ ಬಸ್ ಹತ್ತಿ, ಪ್ರಯಾಣಿಕರ ಟಿಕೆಟ್ಟನ್ನೂ ಕಂಡಕ್ಟರ್ ಚೀಲದ ಹಣವನ್ನೂ ತಾಳೆ ನೋಡುವ ಚೆಕಿಂಗ್ ಇನ್ಸ್‌ಪೆಕ್ಟರ್ ಚನ್ನವೀರಯ್ಯನವರು ಇವರ ಬಸ್ಸನ್ನು ನೂರಾರು ಸಲ ಜಾಲಾಡಿದ್ದರು. ಒಂದು ಸಲವಾದರೂ ನಾಲ್ಕಾಣೆ ಹೆಚ್ಚಿರಲಿಲ್ಲ, ನಾಲ್ಕಾಣೆ ಕಡಿಮೆಯಿರಲಿಲ್ಲ. ಮಕ್ಕಳಿಲ್ಲದ ಆ ದಂಪತಿಗಳಿಗೆ ಇದ್ದ ಆಸ್ತಿಯೆಂದರೆ ಈ ಹೆಸರೊಂದೇ.

ಅದಕ್ಕೆ ಪೆಟ್ಟು ಬಿದ್ದದ್ದು ಎರಡು ಸಾವಿರದ ಒಂದರಲ್ಲಿ. ನಿವೃತ್ತ ಸಾರಿಗೆ ನೌಕರರ ಸಂಘದವರು ಒಂದು ಕೊಠಡಿ ಕಟ್ಟಲು ಚಂದಾ ಎತ್ತಿದರು; ರಾಮಾಂಜಿನಯ್ಯನವರು ಎರಡು ಸಾವಿರದ ಒಂದು ರೂಪಾಯಿಗೆ ಚೆಕ್ ಬರೆದರು. ಪಿಂಚಣಿ ಖಾತೆಯಲ್ಲಿ ಎರಡು ಸಾವಿರದ ನಲವತ್ತಿತ್ತು. ಇಂತಿಷ್ಟು ಹಣ ಇಟ್ಟಿರಲೇಬೇಕೆಂಬ ನಿಯಮ ಪಿಂಚಣಿ ಖಾತೆಗಿಲ್ಲವೆಂದು ಪಾಸ್‌ಬುಕ್ಕಿನ ಬೆನ್ನ ಮೇಲೇ ಅಚ್ಚಾಗಿತ್ತು. ಆದರೆ ಬ್ಯಾಂಕಿನವರು ಆ ನಿಯಮವನ್ನು ಸದ್ದಿಲ್ಲದೆ ಬದಲಿಸಿ, ಕನಿಷ್ಠ ಮೊತ್ತ ಇರಲಿಲ್ಲವೆಂದು ಐವತ್ತಾರು ರೂಪಾಯಿ ಮುರಿದುಕೊಂಡಿದ್ದರು. ಚೆಕ್ ಹೋದ ದಿನ ಖಾತೆಯಲ್ಲಿ ಹದಿನೇಳು ರೂಪಾಯಿ ಕಡಿಮೆ ಬಿತ್ತು. ಚೆಕ್ ವಾಪಸಾಯಿತು, ವಾಪಸಾದದ್ದಕ್ಕೆಂದು ಮತ್ತೆ ಎಂಬತ್ತು ರೂಪಾಯಿ ಮುರಿದರು. ಬಿದ್ದವನ ಮೇಲೆ ಇನ್ನೊಂದು ಕಲ್ಲು.

ಇದಾವುದೂ ತಿಳಿಯದ ರಾಮಾಂಜಿನಯ್ಯನವರು ಕುಣಿಗಲ್ಲಿನಲ್ಲಿ ನಡೆದ ಸಂಘದ ಸಭೆಗೆ ಉತ್ಸಾಹದಿಂದಲೇ ಹೋದರು. ಸಂಘದ ಖಜಾಂಚಿ ಬೇರೆ ಯಾರೂ ಅಲ್ಲ, ಅದೇ ಚನ್ನವೀರಯ್ಯ. ಅರವತ್ತು ಜನರೆದುರು ಚಂದಾದ ಪಟ್ಟಿ ಓದುತ್ತ ಬಂದವರು ಒಂದು ಹೆಸರಿನ ಬಳಿ ನಿಂತು, ಕನ್ನಡಕದ ಮೇಲಿಂದ ನೋಡಿ, "ರಾಮಾಂಜಿನಯ್ಯ, ಕಡಬ ರೂಟು. ಚೆಕ್ಕು ಬೌನ್ಸು" ಎಂದರು. ಆಮೇಲೆ ನಗುತ್ತ, "ಏನಯ್ಯ, ಸರ್ವೀಸಲ್ಲಿ ಸಿಕ್ಕಾಕ್ಕೊಳ್ದೆ ಇದ್ದೋನು ರಿಟೈರಾದ್ಮೇಲೆ ಸಿಕ್ಕಾಕ್ಕೊಂಡ್ಯಲ್ಲ" ಅಂದರು. ಅದು ಕುಹಕವೇನೂ ಅಲ್ಲ, ಹಳೆಯ ಸಲಿಗೆಯ ಮಾತು; ಸಭೆ ನಕ್ಕಿತು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಅನ್ನುತ್ತಾರೆ. ಅಂದು ಸಂಜೆ ಬಸ್ಸಿನ ಕಟ್ಟಕಡೆಯ ಸೀಟಿನಲ್ಲಿ ಕುಳಿತು ತುಮಕೂರಿಗೆ ಮರಳುವಾಗ, ಗುರುತಿನ ಕಂಡಕ್ಟರ್ ಬಂದು ಮಾತನಾಡಿಸಿದರೆ ರಾಮಾಂಜಿನಯ್ಯನವರಿಗೆ ಅವನ ಮುಖ ನೋಡುವುದಕ್ಕಾಗಲಿಲ್ಲ. ಟಿಕೆಟ್ ಹರಿಸಿಕೊಂಡು ಕಿಟಕಿಯ ಕಡೆಗೆ ತಿರುಗಿ ಕುಳಿತರು. ಕಣ್ಣು ತುಂಬಿ ಬಂದಿತ್ತು.

ಮರುದಿನ ಬ್ಯಾಂಕಿನ ಕೌಂಟರಿನ ಮುಂದೆ, ಪಾದಗಳನ್ನು ಅಗಲಿಸಿ, ನಿಂತರು. ಹೆಡ್ಡಾಫೀಸಿನ ಸರ್ಕ್ಯುಲರು, ತಮ್ಮ ಕೈಯಲ್ಲೇನೂ ಇಲ್ಲ ಎಂದರು ಮ್ಯಾನೇಜರು.

"ಗುಬ್ಬೀಲಿ ಟಿಕೆಟ್ ತಗೊಂಡು ಹತ್ತಿದೋನಿಗೆ ಮಲ್ಲಸಂದ್ರದಲ್ಲಿ ರೇಟ್ ಜಾಸ್ತಿ ಆಗೈತೆ ಕೊಡು ಅಂತ ಕೇಳೋಕಾಗುತ್ತಾ ಸ್ವಾಮಿ?" ಎಂದು ರಾಮಾಂಜಿನಯ್ಯನವರು ಕೇಳಿದರು.

"ಇದು ಬಸ್ಸಲ್ಲ ಯಜಮಾನ್ರೆ."

"ಬಸ್ಸಾಗಿದ್ರೆ ಇಷ್ಟೊತ್ತಿಗೆ ನೀವು ಸಸ್ಪೆಂಡು."

ಹೀಗೆ ಹೇಳಿ ಹೊರಬಿದ್ದವರು ನೇರವಾಗಿ ಜಿಲ್ಲಾ ಗ್ರಾಹಕರ ವೇದಿಕೆಗೆ ನಡೆದರು. ವಕೀಲರನ್ನು ಇಟ್ಟುಕೊಳ್ಳದೆ, ದುಂಡನೆಯ ಅಕ್ಷರದಲ್ಲಿ ಹನ್ನೊಂದು ಪುಟದ ದೂರನ್ನು ತಾವೇ ಬರೆದರು. ಕೇಳಿದ್ದು ಮುರಿದುಕೊಂಡ ನೂರಾ ಮೂವತ್ತಾರು ರೂಪಾಯಿ, ಮತ್ತು ತಪ್ಪು ತಮ್ಮದೇ ಎಂದು ಬ್ಯಾಂಕಿನವರು ಸಂಘಕ್ಕೆ ಬರೆದುಕೊಡಬೇಕಾದ ಒಂದು ಕಾಗದ. ಬೇರೆ ಪರಿಹಾರವೇನೂ ಬೇಡವೆಂದು ಕೊನೆಯಲ್ಲಿ ಗೆರೆ ಎಳೆದು ಬರೆದಿದ್ದರು.

ವಾಯಿದೆಗಳು ಶುರುವಾದವು. ಹುಣಸೆಹಣ್ಣಿನ ಬಣ್ಣದ ಕೋಟು ನೋಡಿ ಎಷ್ಟೋ ಕಕ್ಷಿದಾರರು ಇವರನ್ನೇ ಬಡ ವಕೀಲರೆಂದು ಭಾವಿಸಿ ಸಲಹೆ ಕೇಳಿದರು, ಇವರು ಕೊಟ್ಟರು ಕೂಡ. ಒಂದೂವರೆ ವರ್ಷ ಹೀಗೇ ಎಳೆಯಿತು. "ನೂರಾ ಮೂವತ್ತಾರು ರೂಪಾಯಿಗೆ ಮುನ್ನೂರು ರೂಪಾಯಿ ಜೆರಾಕ್ಸು ಮಾಡ್ಸಿದೀರಲ್ಲ, ಲೆಕ್ಕ ಗೊತ್ತಿರೋ ಕಂಡಕ್ಟ್ರು!" ಎಂದು ಲಕ್ಷ್ಮೀದೇವಮ್ಮನವರು ದಿನಕ್ಕೊಮ್ಮೆ ಮಂಗಳಾರತಿ ಎತ್ತುತ್ತಿದ್ದರು. ಹಾಗೆಂದವರೇ, ಬ್ಯಾಂಕಿನವರೊಬ್ಬರು ಮನೆಗೆ ಬಂದು ಕವರಿನಲ್ಲಿ ಐನೂರು ರೂಪಾಯಿ ಇಟ್ಟು "ಇಸ್ಕೊಂಡು ಕೇಸು ಬುಡಿ" ಎಂದಾಗ, ಗಂಡನಿಗಿಂತ ಮೊದಲು ಅಡುಗೆಮನೆಯಿಂದ ಈಚೆಗೆ ಬಂದು, "ಕಾಗ್ದ ತಂದಿದೀರಾ? ಇಲ್ವಾ? ಹಂಗಾದ್ರೆ ಕಾಪಿ ಕುಡ್ಕೊಂಡು ಹೊರಡಿ" ಎಂದರು. ರಾಮಾಂಜಿನಯ್ಯನವರು ಅಂದು ಹೆಂಡತಿಯನ್ನು ನೋಡಿದ ನೋಟದಲ್ಲಿ ಮೂವತ್ತೈದು ವರ್ಷದ ದಾಂಪತ್ಯ ಒಮ್ಮೆಗೇ ಚಿಗುರಿತ್ತು.

ಕೊನೆಯ ವಿಚಾರಣೆಯ ದಿನ ಬ್ಯಾಂಕಿನ ವಕೀಲರು ಹೊಸ ವಾದ ಹೂಡಿದರು: ನಿಯಮ ಬದಲಾದ ಪ್ರಕಟಣೆಯನ್ನು ಜೂನ್ ಒಂದರಿಂದ ಮೂರು ತಿಂಗಳು ಶಾಖೆಯ ನೋಟಿಸ್ ಬೋರ್ಡಿನಲ್ಲಿ ಹಾಕಲಾಗಿತ್ತು, ದೂರುದಾರರು ಓದದಿದ್ದರೆ ಬ್ಯಾಂಕು ಹೊಣೆಯಲ್ಲ. ಸಾಕ್ಷಿ ಹೇಳಲು ಶಾಖೆಯ ಅಕೌಂಟೆಂಟ್ ಭಾನುಪ್ರಕಾಶ್ ಬಂದಿದ್ದರು. ವೇದಿಕೆಯ ಅಧ್ಯಕ್ಷರು ಏನು ಹೇಳುತ್ತೀರೆಂದು ಕೇಳಿದಾಗ, ರಾಮಾಂಜಿನಯ್ಯನವರು ಜೇಬಿನಿಂದ ಆ ವರ್ಷದ ನೋಟ್‌ಬುಕ್ ತೆಗೆದು, ಟಿಕೆಟ್ ಹರಿಯುವವರ ಹಾಗೆ ಹೆಬ್ಬೆರಳಿಗೆ ಎಂಜಲು ಹಚ್ಚಿ, ಹಾಳೆ ಮಗುಚಿದರು.

"ಜೂನ್ ಹನ್ನೊಂದು, ಸೋಮವಾರ. ಬ್ಯಾಂಕು. ಹನ್ನೊಂದೂಕಾಲು. ಕ್ಯೂನಲ್ಲಿ ಹದಿನಾಲ್ಕನೆಯವನು. ಬೋರ್ಡಿನಲ್ಲಿ ಎರಡು ಚೀಟಿ. ಒಂದು, ರಜಾ ಪಟ್ಟಿ. ಎರಡು, ಕಪ್ಪು ಫ್ರೇಮಿನ ಕನ್ನಡಕ ಸಿಕ್ಕಿದೆ, ಎಡಗಡೆ ಕಡ್ಡಿ ಮುರಿದಿದೆ, ಕ್ಯಾಷಿಯರನ್ನು ವಿಚಾರಿಸಿ. ಬೇರೆ ಏನೂ ಇಲ್ಲ."

"ಇದನ್ನೆಲ್ಲ ಯಾಕೆ ಬರೆದಿರಿ?" ಅಧ್ಯಕ್ಷರಿಗೆ ಆಶ್ಚರ್ಯ.

"ಅಭ್ಯಾಸ ಸ್ವಾಮಿ. ನಿಂತ್ಕಡೆ ಬರೀದೆ ಇದ್ರೆ ಕೈ ಕಡೀತದೆ."

ಜುಲೈ ಒಂಬತ್ತು ಓದಿದರು, ಆಗಸ್ಟ್ ಹತ್ತು ಓದಿದರು. ಬ್ಯಾಂಕಿನ ಪ್ರಕಟಣೆ ಎಲ್ಲಿಯೂ ಇಲ್ಲ. ವಕೀಲರು ನಕ್ಕು, ಇಂಥ ಪುಸ್ತಕವನ್ನು ನಿನ್ನೆ ಮನೆಯಲ್ಲಿ ಕುಳಿತೂ ಬರೆಯಬಹುದು ಎಂದರು. ಆಗ ಸಾಕ್ಷಿಯ ಸ್ಥಾನದಲ್ಲಿದ್ದ ಭಾನುಪ್ರಕಾಶರ ಕೈ ತಮಗೇ ತಿಳಿಯದೆ ಮುಖದ ಮೇಲಿನ ಕನ್ನಡಕಕ್ಕೆ ಹೋಯಿತು. ಫ್ರೇಮು ಕಪ್ಪು, ಎಡಗಡೆಯ ಕಡ್ಡಿ ಮಾತ್ರ ಕಂದು.

"ಸರ್," ಎಂದರು ಆ ಪುಣ್ಯಾತ್ಮ, "ಆ ಕನ್ನಡಕ ನಂದೇ. ಬೋರ್ಡ್ ನೋಡೇ ಕ್ಯಾಷಿಯರ್ ಹತ್ರ ಇಸ್ಕೊಂಡಿದ್ದು."

"ಅಂದರೆ ಬೋರ್ಡನ್ನು ನೀವೂ ನೋಡಿದ್ದೀರಿ. ಈ ಪ್ರಕಟಣೆ ಅಲ್ಲಿತ್ತೆ?" ಎಂದರು ಅಧ್ಯಕ್ಷರು.

ಭಾನುಪ್ರಕಾಶ್ ತಮ್ಮ ವಕೀಲರ ಮುಖ ನೋಡಿದರು, ಎದುರಿಗೆ ಕಾಲಗಲಿಸಿ ನಿಂತ ಮುದುಕನನ್ನು ನೋಡಿದರು. ನೌಕರಿಯ ಭಯಕ್ಕಿಂತ ಹೆಚ್ಚಿನದೇನೋ ಆ ಅಕೌಂಟೆಂಟರಲ್ಲಿ ಇದ್ದಿರಬೇಕು. "ಇರ್ಲಿಲ್ಲ ಸರ್," ಎಂದು ಹೇಳಿಬಿಟ್ಟರು.

ಎರಡು ಸಾವಿರದ ಮೂರರ ಯುಗಾದಿಯ ಹಿಂದುಮುಂದಿನಲ್ಲಿ ಆದೇಶವಾಯಿತು: ಹಣ ವಾಪಸು, ಖರ್ಚಿಗೆಂದು ಸಾವಿರ ರೂಪಾಯಿ, ಜತೆಗೆ ಕೇಳಿದ ಕಾಗದ. ಬ್ಯಾಂಕು ಮೇಲ್ಮನವಿಯ ಮಾತಾಡಿ, ಯಾಕೋ ಸುಮ್ಮನಾಯಿತು. ಸಂಘದ ಮುಂದಿನ ಸಭೆ ಗುಬ್ಬಿಯಲ್ಲಿ. ಖಜಾಂಚಿ ಚನ್ನವೀರಯ್ಯನವರು ಲಕೋಟೆ ಒಡೆದು ಓದತೊಡಗಿದರು. ಚೆಕ್ ಮರಳಿದ್ದಕ್ಕೆ ಬ್ಯಾಂಕಿನ ಅಕ್ರಮ ಕಡಿತವೇ ಕಾರಣವೆಂದೂ, ಖಾತೆದಾರರ ಲೋಪ ಏನೇನೂ ಇಲ್ಲವೆಂದೂ ಇದ್ದ ಸಾಲನ್ನು ಎರಡು ಸಲ ಓದಿದರು. ಕಾಗದವನ್ನು ಮೇಜಿನ ಮೇಲಿಟ್ಟು, "ಇಪ್ಪತ್ತು ವರ್ಷ ಇವನ ಬಸ್ ಚೆಕ್ ಮಾಡ್ದೋನು ನಾನು. ಅವತ್ತು ಕುಣಿಗಲ್ಲಲ್ಲಿ ನಾನೇ ನಗಬಾರ್ದಿತ್ತು ಕಣಪ್ಪ" ಎಂದರು. ಅರವತ್ತು ಮಂದಿ ಎದ್ದು ಚಪ್ಪಾಳೆ ತಟ್ಟಿದರು. ಅವರ ಬಸ್ಸಿನ ಹಳೆಯ ಡ್ರೈವರ್ ಸಿದ್ದಯ್ಯ ಬೆರಳು ಬಾಯಿಗಿಟ್ಟು ವಿಷಲ್ ಊದಿದ. ರಾಮಾಂಜಿನಯ್ಯನವರು ಅದೇ ಎರಡು ಸಾವಿರದ ಒಂದು ರೂಪಾಯಿಗೆ ಹೊಸ ಚೆಕ್ ಬರೆದುಕೊಟ್ಟರು. ಮರುವಾರದಿಂದಲೇ ಕೋರದಿಂದ, ಕಡಬದಿಂದ ಪಾಸ್‌ಬುಕ್ ಹಿಡಿದ ಪಿಂಚಣಿದಾರರು ಉಪ್ಪಾರಹಳ್ಳಿಯ ಮನೆಗೆ ಬರತೊಡಗಿದರು. ಆದೇಶದ ಪ್ರತಿಯನ್ನು ಕೌಂಟರಿನಲ್ಲಿ ತೋರಿಸಿದ್ದೇ ತಡ, ಮುರಿದ ಹಣ ಮರುಮಾತಿಲ್ಲದೆ ಮರಳುತ್ತಿತ್ತು.

ಇಂಥವರೊಡನೆ ಸಂಸಾರ ಮಾಡುವುದು ಕಷ್ಟ; ಕೌಂಟರಿನಲ್ಲಿ ಇವರ ಹಿಂದೆ ಸರದಿಗೆ ನಿಲ್ಲುವುದು ಅದಕ್ಕಿಂತ ಕಷ್ಟ. ಗಡಿಯಾರ ನೋಡಿಕೊಳ್ಳುತ್ತ, ಈ ಮುದುಕನಿಗೆ ಬೇರೆ ಕಸುಬಿಲ್ಲವೇ ಎಂದು ನಾವು ಗೊಣಗುತ್ತೇವೆ. ಐವತ್ತು ಅರವತ್ತು ರೂಪಾಯಿ ಹೋದಾಗ ಹೋಗಲಿ ಬಿಡು ಅನ್ನುವುದನ್ನು ದೊಡ್ಡತನವೆಂದು ತಿಳಿದಿದ್ದೇವೆ. ಅದರಲ್ಲಿ ಮುಕ್ಕಾಲುಪಾಲು ಸೋಮಾರಿತನ, ಉಳಿದ ಕಾಲುಪಾಲು ಅಂಜಿಕೆ. ಇವರಿಗೆ ಆ ದೊಡ್ಡತನ ಇಲ್ಲ. ತಮ್ಮೊಬ್ಬರ ಹೆಸರಿಗಾಗಿ ಮನೆ ಬಿಟ್ಟು ಹೊರಡುವ ಇಂಥ ಹಠಮಾರಿಗಳೇ, ನಾವು ಹೋಗಲಿ ಬಿಡು ಎಂದು ಕೈಬಿಟ್ಟದ್ದನ್ನೆಲ್ಲ, ನಮ್ಮನ್ನೊಂದು ಮಾತೂ ಕೇಳದೆ, ನಮಗೋಸ್ಕರ ವಾಪಸು ಇಸಿದುಕೊಂಡು ಬರುತ್ತಾರೆ.