ಹಿಂದೆ ಬರುವವನ ಹೆಸರು

ಹೊಸದಾಗಿ ಹುಟ್ಟಿದ ಮಗಳಿಗೆ ಮಧು ಎಂದು ಹೆಸರಿಡುವುದಾಗಿ ಅಣ್ಣನ ಹೆಂಡತಿ, ನಮ್ಮ ವೈನಿ, ಬೈಲಹೊಂಗಲದ ತವರುಮನೆಯಿಂದ ಫೋನು ಮಾಡಿ ಹೇಳಿದಾಗ, ಅವ್ವ ಜಗಳ ತೆಗೆಯುತ್ತಾಳೆಂದೇ ನಾನು ತಿಳಿದಿದ್ದೆ. ಮನೆಯಲ್ಲಿ ಫೋನು ಎತ್ತುವವಳು ನಾನೇ. ಎಂಟನೆಯ ಇಯತ್ತೆಗೆ ಸಾಲಿ ಬಿಟ್ಟ ಮೇಲೆ ಎಮ್ಮೆ, ಒಲೆ, ಫೋನು ಮೂರೂ ನನ್ನ ಪಾಲಿಗೆ ಬಂದಿವೆ.

"ಹುಡುಗ್ರಿಗೂ ನಡೀತೈತಿ, ಹುಡಿಗ್ಯಾರಿಗೂ ನಡೀತೈತಿ ಸಂಜು," ಎಂದರು ವೈನಿ. "ನಾಳೆ ಎಲ್ಲ್ಯರೆ ನೌಕರಿಗೆ ಅರ್ಜಿ ಹಾಕಿದ್ರ, ಹೆಸರು ನೋಡಿ ಹೆಣ್ಣಂತ ಯಾರೂ ಬಾಜೂಕ ಸರಸೂದಿಲ್ಲ. ನಿನ್ನ ಹೆಸರೂ ಹಂಗ ಐತಲ್ಲ. ಭಾರಿ ಚೊಲೊ ಹೆಸರು ನಿಂದು."

ವೈನಿ ಡಿಗ್ರಿ ಓದಿದವರು. ಹೆಸರು ಅನ್ನಪೂರ್ಣಾ. ನನ್ನ ಹೆಸರನ್ನು ಚೊಲೊ ಎಂದವರು ಅವರೇ ಮೊದಲಿಗರು. ಫೋನು ಇಟ್ಟು, ಎಮ್ಮೆಗೆ ಕಬ್ಬಿನ ಸೋಗೆ ಹಾಕುತ್ತ ನಾನು 'ಸಂಜು, ಸಂಜು' ಎಂದು ಮೆಲ್ಲಗೆ ಅಂದುಕೊಂಡೆ. ಬೇರೆ ಯಾರದೋ ಹೆಸರಿನಂತೆ ಕೇಳಿಸಿತು.

ನನ್ನ ಹೆಸರು ನನಗಾಗಿ ಇಟ್ಟದ್ದಲ್ಲ. ಮನೆಯಲ್ಲಿ ಮೊದಲು ಹುಟ್ಟಿದವನು ಅಣ್ಣ ಸಿದ್ದರಾಮ. ಒಂದು ಕಣ್ಣು ಕಣ್ಣಲ್ಲ, ಒಬ್ಬ ಮಗ ಮಗನಲ್ಲ ಎನ್ನುತ್ತಿದ್ದಳಂತೆ ಅಜ್ಜಿ. ಎರಡನೆಯವನು ಬರುತ್ತಾನೆಂದು ಸಂಜು ಎಂಬ ಹೆಸರು ಮೊದಲೇ ನಿಶ್ಚಯವಾಗಿತ್ತು. ಬಂದವಳು ನಾನು. ಹೆಸರು ಬದಲಿಸುವುದು ಬೇಡ ಎಂದಳಂತೆ ಅಜ್ಜಿ. ಹೆಣ್ಣಿಗೆ ಗಂಡಿನ ಹೆಸರಿಟ್ಟು ಕರೆಯುತ್ತ ಹೋದರೆ, ಅದನ್ನು ಕೇಳಿ ಗಂಡು ಹಿಂದೆ ಬರುತ್ತಾನೆಂಬ ನಂಬಿಕೆ. ನನ್ನ ಹಿಂದೆ ತಮ್ಮ ಕಲ್ಮೇಶ ಬಂದ. ಅಂದಿನಿಂದ ಓಣಿಯಲ್ಲಿ ಯಾರಿಗೆ ಹೆಣ್ಣು ಹುಟ್ಟಿದರೂ ನನ್ನ ಮಾತು ಬರುತ್ತದೆ. ಬಾಣಂತಿಯ ಮುಂದೆ ನನ್ನನ್ನು ನಿಲ್ಲಿಸಿ ತೋರಿಸಿದ್ದೂ ಉಂಟು. ಆಗೆಲ್ಲ ನಾನು ಸೆರಗಿನ ತುದಿ ಬೆರಳಿಗೆ ಸುತ್ತುತ್ತ ಬಾಗಿಲ ಕಡೆ ನೋಡುತ್ತೇನೆ.

ಮಧು ಎಂಬ ಹೆಸರು ಕೇಳಿ ಅವ್ವ ಜಗಳ ತೆಗೆಯಲಿಲ್ಲ. ಎರಡೂ ಕೈಯಿಂದ ಸೆರಗು ಸರಿಮಾಡಿಕೊಂಡು ನಕ್ಕಳು. ನಕ್ಕವಳೇ ಬಾಜೂ ಮನೆಯ ಶಟ್ಟೆವ್ವನ ಕಟ್ಟೆಗೆ ಹೋದಳು. ನನಗೆ ಗೋಡೆಯ ಈಚೆಯಿಂದಲೇ ಕೇಳಿಸಿತು.

"ನಾ ಹೆಂಗ ಹೇಳ್ಲಿ ಅಂತಿದ್ದೆ, ಸೊಸಿನ ಬಾಯಿ ಬಿಟ್ಟಾಳ ನೋಡ. ಮಧು ಅಂತ. ಅರ್ಧಾ ಕೆಲಸ ಆತು."

"ಕಲತಾಕಿ ಇದನ್ನೆಲ್ಲಾ ನಂಬತಾಳೇನ?" ಎಂದಳು ಶಟ್ಟೆವ್ವ.

"ಆಕಿ ನಂಬೂದ್ಯಾಕ ಬೇಕ? ಹೆಸರ ನಂಬಿದ್ರ ಸಾಕು. ಕಿವ್ಯಾಗ ಹೇಳಾಕಿ ನಮ್ಮ ಸಂಜು. ಫಲ ಕೊಟ್ಟ ಬಾಯಿ ಅದು."

ನಮ್ಮ ಕಡೆ ಕೂಸಿನ ಕಿವಿಯಲ್ಲಿ ಹೆಸರು ಹೇಳುವವಳು ಸೋದರತ್ತೆ. ಆ ಕೂಸಿಗೆ ನಾನೊಬ್ಬಳೇ ಸೋದರತ್ತೆ. ಗೋಡೆಯ ಈಚೆ ನಿಂತಲ್ಲೇ ನನ್ನ ಮುಖ ಸುಟ್ಟಂತಾಯಿತು. ವೈನಿ ಎಷ್ಟು ಸಂತೋಷದಿಂದ ಹುಡುಕಿದ ಹೆಸರು! ಅದು ಇಲ್ಲಿಗೆ ಬರುವಷ್ಟರಲ್ಲಿ ನನ್ನ ಹೆಸರಿನ ಗತಿಯನ್ನೇ ಕಂಡಿತ್ತು. ತೊಟ್ಟಿಲಿಗೆ ಹಾಕುವ ಮೊದಲೇ ವೈನಿಗೆ ಇದನ್ನು ಹೇಳಬೇಕು ಎಂದುಕೊಂಡೆ. ಗೊತ್ತಾದರೆ ಬೇರೆ ಹೆಸರು ಇಡುತ್ತಾರೆ. ಆ ಕೂಸಾದರೂ ಯಾರಿಗೂ ಹಾದಿ ಮಾಡಿಕೊಡದೆ ತನ್ನ ಪಾಡಿಗೆ ತಾನು ಬೆಳೆಯುತ್ತದೆ. ಫೋನಿನಲ್ಲಿ ಹೇಳಲು ಬಾಯಿ ಬರಲಿಲ್ಲ. ಅವ್ವ ಯಾವಾಗಲೂ ಅಲ್ಲೇ ಇರುತ್ತಿದ್ದಳು.

ಹೆಸರಿಡುವ ದಿನ ನಮ್ಮೂರು ಎಂ.ಕೆ. ಹುಬ್ಬಳ್ಳಿಯಿಂದ ಒಂದು ಟೆಂಪೋ ಮಾಡಿಕೊಂಡು ಹೋದೆವು. ತೊಟ್ಟಿಲು, ಕುಬಸ, ಅಂಟಿನ ಉಂಡೆಯ ಡಬ್ಬಿ, ಶಟ್ಟೆವ್ವ, ಓಣಿಯ ಹೆಂಗಸರು. ಹಾದಿಯಲ್ಲಿ ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಸಿಕ್ಕಿಕೊಂಡು ತಡವಾಯಿತು. ವೈನಿಯ ತವರುಮನೆಯ ಪಡಸಾಲೆ ಆಗಲೇ ತುಂಬಿತ್ತು. ವೈನಿಯ ಅಜ್ಜಿ ಸಿದ್ದಲಿಂಗವ್ವ ಗೋಡೆಗೆ ಒರಗಿ ಕುಳಿತು ಬಂದವರನ್ನೆಲ್ಲ ವಿಚಾರಿಸುತ್ತಿದ್ದರು.

"ಬರ್ರಿ, ಕುಂಡ್ರಿ. ಹೆಸರ ಕೇಳಿದ್ರೇನ? ಮಧು ಅಂತ. ನಮ್ಮ ಕಾಲದಾಗ ಹೆಸರ ಕೇಳಿದ ಕೂಡ್ಲೆ ಸೀರಿ ಉಡಸಬೇಕೋ ಧೋತರ ಉಡಸಬೇಕೋ ಗೊತ್ತಾಗತಿತ್ತು."

"ಈಗ ಇಬ್ಬರೂ ಪ್ಯಾಂಟ್ ಹಾಕ್ಕೋತಾರ ಬಿಡ್ರಿ ಆಯಿ," ಎಂದಳು ಶಟ್ಟೆವ್ವ.

"ನಮ್ಮೂರ ಟ್ರ್ಯಾಕ್ಟರ್ ಡ್ರೈವರನೂ ಮಧುನ ಅದಾನ," ಎಂದು ಇನ್ನೊಬ್ಬಳು ಸೇರಿಸಿದಳು. "ಕೂಸಿಗೆ ಮೀಸಿ ಬಂದ್ರ ಏನ ಮಾಡ್ತೀರಿ?"

ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ಅವ್ವ ನಕ್ಕಳು. ಆ ಗದ್ದಲದಲ್ಲಿ ನಾನು ಒಳಗಿನ ಬಾಣಂತಿ ಖೋಲಿಗೆ ನುಸುಳಿದೆ.

ವೈನಿ ಕೂಸಿಗೆ ಹಾಲು ಕುಡಿಸುತ್ತಿದ್ದರು. ಕಿವಿಗೆ ಅರಿವೆ ಕಟ್ಟಿಕೊಂಡಿದ್ದರು. ಕೋಣೆಯೆಲ್ಲ ಲೋಬಾನದ ಹೊಗೆ. ನಾನು ಬಾಗಿಲನ್ನು ಅರ್ಧ ಮುಚ್ಚಿ ನಿಂತೆ.

"ವೈನಿ, ಈ ಹೆಸರು ಬ್ಯಾಡ್ರಿ."

"ಯಾಕ?"

ಒಂದೇ ಉಸಿರಿನಲ್ಲಿ ಎಲ್ಲ ಹೇಳಿದೆ. ಅಜ್ಜಿ ಅಂದದ್ದು, ನನ್ನ ಹಿಂದೆ ಕಲ್ಮೇಶ ಹುಟ್ಟಿದ್ದು, ಅವ್ವ ಕಟ್ಟೆಯಲ್ಲಿ ಆಡಿದ ಮಾತು. ಹಿಂದೆಂದೂ ನಾನು ಒಮ್ಮೆಗೆ ಅಷ್ಟು ಮಾತಾಡಿದ್ದು ನನಗೇ ನೆನಪಿಲ್ಲ. ವೈನಿ ಸಿಟ್ಟಾಗುತ್ತಾರೆ, ಅವ್ವನನ್ನು ಕರೆದು ಕೇಳುತ್ತಾರೆ ಎಂದು ಅಂಜಿಕೆಯಾಗುತ್ತಿತ್ತು. ಅವರು ಕೂಸಿನ ಬಾಯಿ ಒರೆಸಿದರು.

"ಗೊತ್ತೈತಿ," ಎಂದರು.

"ಗೊತ್ತೈತ್ರೀ?"

"ನಿಮ್ಮ ಮನಿಗೆ ಬಂದ ವರ್ಷನ ಅತ್ತಿ ಹೇಳಿದ್ರು. ನಿನ್ನ ತೋರಿಸೇ ಹೇಳಿದ್ರು. ನೀ ಅಲ್ಲೇ ರೊಟ್ಟಿ ಬಡೀಲಿಕ್ಕೆ ಹತ್ತಿದ್ದಿ." ವೈನಿ ನನ್ನ ಮುಖ ನೋಡಲಿಲ್ಲ. "ನೌಕರಿ, ಅರ್ಜಿ ಅಂತ ನಿನಗ ಹೇಳಿದ್ದು ಸುಳ್ಳಲ್ಲ. ಅದೂ ಖರೇನ. ಇದೂ ಖರೇನ. ನಮ್ಮವ್ವಗ ನಾವು ಮೂವರೂ ಹೆಣ್ಣ ಸಂಜು. ನಮ್ಮವ್ವ ಈ ಪಡಸಾಲ್ಯಾಗ ಏನೇನ ಕೇಳಿಸ್ಕೊಂಡಾಳ, ನಾ ನೋಡೇನಿ. ನನಗ ಅದು ಬ್ಯಾಡಾಗೇತಿ."

ಅವರು ಕೂಸನ್ನು ಹೆಗಲಿಗೆ ಹಾಕಿಕೊಂಡು ಬೆನ್ನು ಸವರಿದರು.

"ಇಂಥಾದ್ದರಾಗ ನಂಬಿಕಿ ಇರಲಿಲ್ಲ ನನಗ," ಎಂದರು. "ನಿನ್ನ ನೋಡೇ ಬಂತು."

ಯಾರೋ ನನ್ನನ್ನು ನಡುಬೀದಿಯಲ್ಲಿ ನಿಲ್ಲಿಸಿದಂತಾಯಿತು. ಓಣಿಯ ಹೆಂಗಸರು ಬೆರಳು ಮಾಡಿ ತೋರಿಸಿದಾಗಲೂ ಹಾಗಾಗಿರಲಿಲ್ಲ. ಅವರಿಗೆ ತಿಳಿಯದು ಎಂದು ಸಮಾಧಾನ ಮಾಡಿಕೊಳ್ಳುತ್ತಿದ್ದೆ. ವೈನಿಗೆ ಏನೆಂದುಕೊಳ್ಳಲಿ? ರೊಟ್ಟಿ ಬಡಿಯುತ್ತಿದ್ದ ನನ್ನನ್ನು ಅವರು ಹೊಸಿಲಲ್ಲಿ ನಿಂತು ನೋಡಿದ್ದು, ನೋಡಿ ಮನಸ್ಸಿನಲ್ಲಿ ಇಟ್ಟುಕೊಂಡದ್ದು ಕಣ್ಣಿಗೆ ಕಟ್ಟಿತು. ಚೊಲೊ ಹೆಸರು ಎಂದಾಗ ನಾನು ಎಮ್ಮೆಯ ಮುಂದೆ ನಿಂತು ಉಬ್ಬಿದ್ದು ನೆನಪಾಗಿ, ಅಲ್ಲಿಂದ ಓಡಿಹೋಗಬೇಕೆನಿಸಿತು. ಅಷ್ಟರಲ್ಲಿ ಹೊರಗಿನಿಂದ ಅವ್ವನ ಕೂಗು ಬಂತು.

"ಸಂಜೂ! ಎಲ್ಲಿ ಹೋದಿ? ಕೂಸಿನ ತಗೊಂಡ ಬಾ!"

ವೈನಿ ಕೂಸನ್ನು ನನ್ನ ಕೈಗೆ ಕೊಟ್ಟರು. ಬೆಚ್ಚಗಿತ್ತು. ಎಣ್ಣೆಯ ವಾಸನೆ. ಕಣ್ಣು ಮುಚ್ಚಿಯೇ ತುಟಿ ಚಪ್ಪರಿಸುತ್ತಿತ್ತು.

ಪಡಸಾಲೆಯಲ್ಲಿ ಹೆಂಗಸರು ತೊಟ್ಟಿಲ ಎರಡೂ ಬದಿ ನಿಂತರು. ಕೂಸನ್ನು ತೊಟ್ಟಿಲ ಕೆಳಗಿನಿಂದ ಒಬ್ಬರು ಕೊಡುವುದು, ಇನ್ನೊಬ್ಬರು ತೆಗೆದುಕೊಂಡು ಮೇಲಿನಿಂದ ತಿರುಗಿ ಕೊಡುವುದು. "ಅಕ್ಕಮ್ಮನ ತಗೋರಿ," ಎಂದು ವೈನಿಯ ತವರಿನವರು ಕೊಟ್ಟರೆ, "ಬಸವಣ್ಣನ ತಗೋರಿ," ಎಂದು ಅವ್ವ ತಿರುಗಿಸಿ ಕೊಡುತ್ತಿದ್ದಳು. ಯಾರೂ ತಿದ್ದಲಿಲ್ಲ. ಕೊನೆಗೆ ಕೂಸನ್ನು ಮಲಗಿಸಿದರು. ನಾನು ತೊಟ್ಟಿಲ ಮೇಲೆ ಬಾಗಿದೆ. ಹೆಸರು ಹೇಳುವಾಗ ಸೋದರತ್ತೆಯ ಬೆನ್ನಿಗೆ ಗುದ್ದುವುದು ಪದ್ಧತಿ. ಎಲ್ಲರೂ ಅದಕ್ಕಾಗಿಯೇ ಕಾದು ನಿಂತಿದ್ದರು. ವೈನಿ ಬಂದು ನನ್ನೆದುರು ತೊಟ್ಟಿಲ ಆಚೆ ನಿಂತರು.

"ಮೂರ ಸಲ ಹೆಸರ ಹೇಳ," ಎಂದಳು ಅವ್ವ. "ಹೇಳಿ, ಹಿಂದ ತಮ್ಮನ್ನ ಕರಕೊಂಡ ಬಾರವ್ವಾ ಅನ್ನು. ಎಲ್ಲಾರಿಗೂ ಕೇಳಬೇಕ."

"ಜೋರ ಅನ್ನು ಸಂಜು," ಎಂದಳು ಶಟ್ಟೆವ್ವ. "ನಿನ್ನ ಬಾಯಿ ಅಂದ್ರ ಬಾಯಿ."

ನಾನು ಕೂಸಿನ ಕಿವಿಗೆ ಬಾಯಿ ಹಚ್ಚಿ ಮಧು ಎಂದೆ. ಬೆನ್ನ ಮೇಲೆ ಗುದ್ದು ಬಿದ್ದವು. ಮಧು. ಮತ್ತೆ ಬಿದ್ದವು. ಮಧು. ಆಮೇಲೆ ಎಲ್ಲರೂ ಮುಂದಿನ ಮಾತಿಗೆ ಕಿವಿಗೊಟ್ಟರು.

ಕೂಸು ಕಣ್ಣು ತೆರೆದಿತ್ತು. ನನ್ನನ್ನೇ ನೋಡುತ್ತಿತ್ತೋ, ತೊಟ್ಟಿಲಿಗೆ ಕಟ್ಟಿದ ಹೂವನ್ನು ನೋಡುತ್ತಿತ್ತೋ. ಉಳಿದ ಮಾತು ನನ್ನ ನಾಲಿಗೆಯ ಮೇಲೆ ಸಿದ್ಧವಾಗಿತ್ತು. ಅಂದುಬಿಟ್ಟರೆ ಮುಗಿಯುತ್ತಿತ್ತು. ನಾನು ತುಟಿ ಮುಚ್ಚಿಕೊಂಡೆ.

"ಅನ್ನು!" ಎಂದಳು ಅವ್ವ.

ಬೆನ್ನಿಗೆ ಒಂದು ಗುದ್ದು ಜೋರಾಗಿಯೇ ಬಿತ್ತು. ಅದು ಅವ್ವನ ಕೈ. ನಾನು ಅನ್ನಲಿಲ್ಲ. ತೊಟ್ಟಿಲ ಅಂಚನ್ನು ಎರಡೂ ಕೈಯಿಂದ ಹಿಡಿದುಕೊಂಡೆ.

"ಅಂಜತಾಳ," ಎಂದು ಶಟ್ಟೆವ್ವ ನಕ್ಕಳು. "ಮಂದಿ ಕಂಡ್ರ ಮೊದಲಿಂದನೂ ಹಿಂಗ. ಬಾಯಾಗ ಕಡಬ ಇಟ್ಕೊಂಡಂಗ ಮಾಡತಾಳ."

"ಪಾಪ, ಬಿಡ್ರಿ. ಆಕಿ ಅವ್ವನ ಅನ್ಲಿ," ಎಂದರು ಸಿದ್ದಲಿಂಗವ್ವ ಗೋಡೆಯ ಕಡೆಯಿಂದ.

ಎಲ್ಲರೂ ಮತ್ತೆ ನಕ್ಕರು. ನಾನು ಬೇಕೆಂದೇ ಅನ್ನದೆ ಉಳಿದದ್ದು ನಕ್ಕವರಲ್ಲಿ ಯಾರಿಗೂ ತಿಳಿಯಲಿಲ್ಲ. ತಲೆಯೆತ್ತಿ, ಅಂಜಿಲ್ಲ, ಅನ್ನುವುದಿಲ್ಲ ಎಂದು ಹೇಳಬಹುದಿತ್ತು. ಹೇಳುವ ಧೈರ್ಯ ಬರಲಿಲ್ಲ. ಅವರು ಅಂದದ್ದೂ ಅಷ್ಟರಮಟ್ಟಿಗೆ ನಿಜವೇ. ಅವ್ವ ನನ್ನನ್ನು ಭುಜದಿಂದ ಬದಿಗೆ ಸರಿಸಿ ತಾನೇ ಬಾಗಿದಳು.

"ಹಿಂದ ತಮ್ಮನ್ನ..."

"ಸಾಕ್ರಿ ಅತ್ತಿ."

ಅದು ವೈನಿಯ ದನಿ. ಎದುರಿಗೆ ನಿಂತು ನನ್ನ ಮುಚ್ಚಿದ ತುಟಿಯನ್ನು ಕಂಡವರು ಅವರೊಬ್ಬರೇ. ದೊಡ್ಡದೇನೂ ಇರಲಿಲ್ಲ. "ಹೆಸರ ಇಟ್ಟಾತಲ್ಲ. ಕೂಸಿಗೆ ಗಾಳಿ ಹತ್ತತೈತಿ," ಎನ್ನುತ್ತ ಅವರು ಕೂಸನ್ನು ತೊಟ್ಟಿಲಿಂದ ಎತ್ತಿಕೊಂಡರು. ಬಾಗಿದ ಅವ್ವ ಬರಿ ತೊಟ್ಟಿಲ ಮುಂದೆ ಹಾಗೇ ಉಳಿದಳು. ಯಾರೋ ಗುಗ್ಗರಿಯ ಬುಟ್ಟಿ ತಂದರು, ಗದ್ದಲ ಮತ್ತೆ ಎದ್ದಿತು.

ವೈನಿ ನನ್ನನ್ನು ಹಾಯ್ದು ಕೋಣೆಗೆ ಹೋದರು. ಕೂಸಿನ ಮುಖ ಕಾಣದಂತೆ ಸೆರಗು ಮುಚ್ಚಿದ್ದರು. ನಾನು ಅವರ ಕಡೆ ನೋಡಲಿಲ್ಲ, ಅವರೂ ನನ್ನ ಕಡೆ ನೋಡಲಿಲ್ಲ.