ಯಮನೂರಪ್ಪನ ಕುಸ್ತಿ ಬೂಟು

ನಾನು ಒಂದು ಜೊತೆ ಕುಸ್ತಿ ಬೂಟು. ಹುಟ್ಟಿದ್ದು ಜಲಂಧರದ ಒಂದು ಕಾರ್ಖಾನೆಯಲ್ಲಿ; ಬಾಳಿದ್ದು ಗದಗಿನ ಯಮನೂರಪ್ಪನ ಕಾಲಲ್ಲಿ. ಅವನು ಹಗಲು ಬಸ್ ಡಿಪೋದಲ್ಲಿ ಮೆಕ್ಯಾನಿಕ್, ಸಂಜೆ ಗ್ರೀಕೊ-ರೋಮನ್ ಕುಸ್ತಿಪಟು. ಆ ಕುಸ್ತಿಯಲ್ಲಿ ಸೊಂಟದ ಕೆಳಗೆ ಹಿಡಿಯುವಂತಿಲ್ಲ, ಕಾಲು ಅಡ್ಡ ಕೊಟ್ಟು ಬೀಳಿಸುವಂತಿಲ್ಲ. ಕೆಲಸವೆಲ್ಲ ತೋಳಿನದು, ಎದೆಯದು. ಅಲುಗದೆ ನಿಲ್ಲುವುದಷ್ಟೇ ನನ್ನ ಪಾಲು.

ಅವನ ಜೊತೆಗಾರ ದಸ್ತಗೀರ್. ಎಂಟು ವರ್ಷ ಒಂದೇ ಮ್ಯಾಟಿನ ಮೇಲೆ ಬೆವರು ಸುರಿಸಿದವರು. ಇಬ್ಬರದೂ ಒಂದೇ ತೂಕ, ಹಾಗಾಗಿ ರಾಷ್ಟ್ರೀಯ ಪಂದ್ಯಕ್ಕೆ ಒಬ್ಬನೇ ಹೋಗಬೇಕು. ಆಯ್ಕೆಯ ಹಿಂದಿನ ದಿನ ಲೇಸು ಬಿಚ್ಚುತ್ತ ಕೂತಿದ್ದಾಗ, ತನ್ನ ಬಲಭುಜ ಸಡಿಲವಾಗಿದೆ, ಯಾರಿಗೂ ಹೇಳಬೇಡ ಎಂದು ದಸ್ತಗೀರ್ ಇವನೊಬ್ಬನಿಗೇ ಹೇಳಿಕೊಂಡ.

ಮರುದಿನ ಇಬ್ಬರ ನಡುವಿನ ಆಯ್ಕೆ ಪಂದ್ಯದ ಕೊನೆಯ ಅರ್ಧ ನಿಮಿಷದಲ್ಲಿ ದಸ್ತಗೀರ್ ಒಂದು ಅಂಕ ಮುಂದಿದ್ದ. ಯಮನೂರಪ್ಪ ಆ ಬಲಗೈಯನ್ನೇ ಅವುಚಿ ಹಿಡಿದ. ಅದು ನಿಯಮದೊಳಗಿನ ಪಟ್ಟೇ. ದಸ್ತಗೀರ್ ಮೆಲ್ಲಗೆ ಅಂದದ್ದು ರೆಫರಿಗೆ ಕೇಳಿಸಲಿಲ್ಲ.

“ಕೈ ಬಿಡೋ ಯಮನೂರ. ಕೈ.”

ಯಮನೂರಪ್ಪ ಬಿಡಲಿಲ್ಲ. ತಿರುಗಿಸಿ ಎತ್ತಿಹಾಕಿದ. ಭುಜ ಕಳಚಿತು. ಚಪ್ಪಾಳೆಯ ನಡುವೆಯೇ ದಸ್ತಗೀರನನ್ನು ಹೊತ್ತೊಯ್ದರು.

ರಾಷ್ಟ್ರೀಯ ಪಂದ್ಯದಲ್ಲಿ ಯಮನೂರಪ್ಪ ಮೊದಲ ಸುತ್ತಿನಲ್ಲೇ ಸೋತ. ಊರಿಗೆ ಮರಳಿದವನು ಎರಡು ಸಲ ಆಸ್ಪತ್ರೆಯ ಗೇಟಿನವರೆಗೆ ಹೋಗಿ ಹಿಂದಿರುಗಿದ; ಎರಡು ಸಲವೂ ನಾನು ಅವನ ಹೆಗಲ ಚೀಲದಲ್ಲಿದ್ದೆ. ದಸ್ತಗೀರ್ ಕುಸ್ತಿ ಬಿಟ್ಟು ಬೆಟಗೇರಿಯಲ್ಲಿ ಹಿಟ್ಟಿನ ಗಿರಣಿ ಹಾಕಿದನಂತೆ. ಇವನು ಇನ್ನೂ ಆರು ವರ್ಷ ಆಡಿದ. ಮೂರು ಕಂಚು ಬಂದವು. ಎದುರಾಳಿಯ ಕೈ ಸಿಕ್ಕಾಗಲೆಲ್ಲ ಅವನು ಒಂದು ಕ್ಷಣ ಅಳುಕುವುದು ಹಿಮ್ಮಡಿಯ ಭಾರದಿಂದಲೇ ನನಗೆ ತಿಳಿಯುತ್ತಿತ್ತು.

ಕೊನೆಯ ಪಂದ್ಯದ ದಿನ, ಕುಸ್ತಿಯಿಂದ ನಿವೃತ್ತರಾಗುವವರ ವಾಡಿಕೆಯಂತೆ, ನನ್ನನ್ನು ಬಿಚ್ಚಿ ಮ್ಯಾಟಿನ ನಡುವೆ ಇಟ್ಟ. ಜನ ಎದ್ದು ನಿಂತರು. ಎಲ್ಲರೂ ಹೋದ ಮೇಲೆ ನನ್ನನ್ನೆತ್ತಿಕೊಂಡು ನೇರವಾಗಿ ಗಿರಣಿಗೆ ನಡೆದ. ಇವು ನಿನ್ನವೇ ಆಗಬೇಕಿತ್ತು, ಇಟ್ಟುಕೋ ಎಂದ. ದಸ್ತಗೀರ್ ಎಡಗೈಯಲ್ಲಿ ನನ್ನನ್ನು ತೆಗೆದುಕೊಂಡ.

“ನೀ ಕೈ ಹಿಡದಿದ್ದು ಆಟ,” ಅಂದ. “ನಾ ದವಾಖಾನ್ಯಾಗ ಹದಿನೆಂಟು ದಿನ ಬಾಗಲಾ ನೋಡ್ಕೊಂತ ಮಲಗಿದ್ದೆ. ಅದು ಆಟ ಅಲ್ಲ.”



ಈಗ ನಾನು ಗಿರಣಿಯ ಹಲಗೆಯ ಮೇಲಿದ್ದೇನೆ. ಹೊಲಿಗೆ ಬಿಟ್ಟಿದೆ; ಹಿಟ್ಟು ಕೂತು ನನ್ನ ಬಣ್ಣ ನನಗೇ ಮರೆತಿದೆ. ಯಮನೂರಪ್ಪ ಭಾನುವಾರ ತಪ್ಪದೆ ಬರುತ್ತಾನೆ. ಬಲಗೈ ಮೇಲಕ್ಕೇರದ ದಸ್ತಗೀರನ ಬದಲು ಜೋಳದ ಚೀಲಗಳನ್ನೆತ್ತಿ ಗಿರಣಿಗೆ ಸುರಿಯುತ್ತಾನೆ. ದಸ್ತಗೀರ್ ಬೇಡ ಎನ್ನುವುದಿಲ್ಲ. ಬಾ ಎಂದು ಈವರೆಗೆ ಕರೆದೂ ಇಲ್ಲ.