ಎಡತೋಳು

“ಹೋದ ವರ್ಷ ನಾನು ಚೆಲ್ಲೋದ ದಪ್ಪ ತಂತಿ ಮೇಲೆ ಕಮಾನು ಎಳೆದೆ ನೋಡಮ್ಮ, ಮುಂದಿನ ಸಾಲಲ್ಲಿ ಕೂತಿದ್ದ ಬೋಳುತಲೆಯವನಿಗೆ ಕೂದಲು ಬಂದುಬಿಡ್ತು. ಎದ್ದು ಹೋಗುವಾಗ ಬಾಚಣಿಗೆ ಇದೆಯಾ ಅಂತ ಕೇಳಿದ.”

“ಅಲುಗಾಡಬೇಡ,” ಎಂದಳು ಅಮ್ಮ, ತುಟಿಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ.

ಅವನು ಹೊಲಿಗೆ ಅಂಗಡಿಯ ಸ್ಟೂಲಿನ ಮೇಲೆ, ಮಂಡಿಗಳ ನಡುವೆ ಇಸ್ತ್ರಿ ಹಲಗೆಯನ್ನು ದೊಡ್ಡ ಪಿಟೀಲಿನಂಥ ತನ್ನ ಚೆಲ್ಲೋದಂತೆ ನಿಲ್ಲಿಸಿಕೊಂಡು, ಬಲಗೈಯಲ್ಲಿ ಅಳತೆಕೋಲು ಹಿಡಿದು ಕೂತಿದ್ದ. ಭಾನುವಾರದ ವಾದ್ಯವೃಂದದ ಕಛೇರಿಗೆ ಹೊಸ ಕಪ್ಪು ಕೋಟು. ನಲವತ್ತು ವರ್ಷದಿಂದ ಊರಿನ ಅರ್ಧ ಜನಕ್ಕೆ ಬಟ್ಟೆ ಹೊಲಿದಿದ್ದ ಅಮ್ಮ, ಯಾರನ್ನೇ ಆಗಲಿ ಅವರು ಮಾಡುವ ಕೆಲಸದ ಭಂಗಿಯಲ್ಲೇ ಕೂರಿಸಿ ಅಳತೆ ತೆಗೆಯುತ್ತಿದ್ದಳು. ಕ್ಷೌರಿಕನಿಗೆ ಕೈ ಎತ್ತಿಸಿ, ಟೈಪಿಸ್ಟಿಗೆ ಮೊಣಕೈ ಮಡಿಸಿ.

“ಎಡತೋಳು ಎಷ್ಟು ಸಡಿಲ ಬಿಡ್ಲಿ?”

“ಸಡಿಲ ಯಾಕಮ್ಮ? ಎಡಗೈ ತಂತಿ ಬಿಟ್ಟು ಕದಲಲ್ಲ. ಮೈಗಂಟಿದ ಹಾಗೆ ಹೊಲಿ. ಬಲತೋಳು ಮಾತ್ರ ಧಾರಾಳವಾಗಿರ್ಲಿ. ಬಿರುಗಾಳಿ ಏಳೋದು ಅಲ್ಲೇ.”

ಅಮ್ಮ ಹಾಗೇ ಸೀಮೆಸುಣ್ಣದ ಗೆರೆ ಎಳೆದಳು. ಅಷ್ಟರಲ್ಲಿ ಅಕ್ಕ ಒಳಗೆ ಬಂದು ಎರಡು ಟಿಕೆಟ್ಟುಗಳನ್ನು ಕತ್ತರಿಯ ಪಕ್ಕದಲ್ಲಿಟ್ಟಳು.

“ಭಾನುವಾರ ಮಧ್ಯಾಹ್ನ. ಕೆಳಗಡೆನೇ ಸೀಟು, ನಿನ್ನ ಮಂಡಿಗೆ ಮೆಟ್ಟಿಲಿನ ಕಾಟ ಇಲ್ಲ. ಇವನ ಬಿರುಗಾಳೀನ ನೀನೂ ಒಂದು ಸಲ ನೋಡಮ್ಮ.”

ಅವನ ಕೈಯ ಅಳತೆಕೋಲು ಜಾರಿ ನೆಲಕ್ಕೆ ಬಿತ್ತು.

ಹನ್ನೊಂದು ವರ್ಷದಿಂದ ಅಮ್ಮನ ಮಂಡಿನೋವು ಅವನ ಮಾನ ಕಾಪಾಡಿತ್ತು. ಅವನು ಕೂರುತ್ತಿದ್ದುದು ಚೆಲ್ಲೋಗಳ ಕಟ್ಟಕಡೆಯ ಸಾಲಿನಲ್ಲಿ, ಸಭಿಕರಿಂದ ದೂರದ ಒಳಗಿನ ಕುರ್ಚಿಯಲ್ಲಿ. ಇಬ್ಬರಿಗೆ ಒಂದು ಸ್ಟ್ಯಾಂಡು, ಒಂದು ಸ್ವರಪುಸ್ತಕ. ಪುಟ ಮುಗಿದಾಗಲೆಲ್ಲ ಒಳಗಿನವನು ನುಡಿಸುವುದನ್ನು ನಿಲ್ಲಿಸಿ ಹಾಳೆ ತಿರುಗಿಸಬೇಕು, ಹೊರಗಿನವನು ನುಡಿಸುತ್ತಲೇ ಇರಬೇಕು. ಇನ್ನು ಈ ಸಲದ ಕಾನ್ಸರ್ಟೊ. “ಅದರಲ್ಲಿ ಒಂದೇ ಚೆಲ್ಲೋ ರಾಜ, ಮಿಕ್ಕವರೆಲ್ಲ ಅದರ ಬಾಲ,” ಎಂದು ಅಮ್ಮನಿಗೆ ವರ್ಣಿಸಿದ್ದ. ಆ ರಾಜ ಯಾರು ಎಂದು ಮಾತ್ರ ಹೇಳಿರಲಿಲ್ಲ. ಅಮ್ಮ ತಾನಾಗಿಯೇ ಏನೋ ಊಹಿಸಿಕೊಂಡರೆ ಅದು ಅವನ ತಪ್ಪೇ?

ಭಾನುವಾರ, ವೇದಿಕೆ ಹತ್ತುವ ಮುಂಚೆ ಅವನು ತನ್ನ ಸ್ಟ್ಯಾಂಡಿನ ಜೊತೆಗಾರನ, ಅಂದರೆ ಎಲ್ಲರೂ ‘ಮೀಸೆ’ ಎನ್ನುವವನ, ತೋಳು ಹಿಡಿದುಕೊಂಡ.

“ಇವತ್ತೊಂದು ದಿನ ಕುರ್ಚಿ ಬದಲಾಯಿಸೋಣ ಮಾರಾಯ. ನಮ್ಮಮ್ಮ ಬಂದಿದ್ದಾಳೆ.”

“ನನ್ನ ಹೆಂಡತಿ ಬಂದಿದ್ದಾಳೆ ಕಣಯ್ಯ,” ಎಂದ ಮೀಸೆ. “ನೀನೊಬ್ಬನೇ ಸುಳ್ಳು ಹೇಳಿದ್ದೀಯ ಅಂದ್ಕೊಂಡ್ಯಾ?”

ಅಮ್ಮ ಐದನೇ ಸಾಲಿನಲ್ಲಿದ್ದಳು. ಕನ್ನಡಕ ಒರೆಸಿ ಹಾಕಿಕೊಂಡು ಮೊದಲು ನಡುವೆ ಇದ್ದ ಎತ್ತರದ ಪೀಠವನ್ನು ನೋಡಿದಳು. ಅಲ್ಲಿಗೆ ಹಸಿರು ರೇಷ್ಮೆಯ ಹೆಂಗಸೊಬ್ಬಳು ಚೆಲ್ಲೋ ಹಿಡಿದು ಬಂದು ಕೂತಳು. ಅಮ್ಮನ ಕಣ್ಣು ಒಂದೊಂದೇ ಕೋಟನ್ನು ದಾಟುತ್ತ ಹಿಂದೆ ಹಿಂದೆ ಸರಿದು, ಕೊನೆಗೆ ತಾನು ಹೊಲಿದ ಕೋಟಿನ ಮೇಲೆ ನಿಂತಿತು. ಅವನು ಇಡೀ ಸಭಾಂಗಣ ತನ್ನೊಬ್ಬನ ಕಮಾನಿನಿಂದಲೇ ಉಸಿರಾಡುತ್ತಿದೆ ಎಂಬಂತೆ ತೂಗಾಡಿದ. ಮೀಸೆಯ ಕಿವಿಗೆ ಎರಡು ಸಲ ಕಮಾನಿನ ತುದಿ ತಾಗಿತು.

ಕಾನ್ಸರ್ಟೊದ ಎರಡನೇ ಭಾಗ ನಿಧಾನದ್ದು. ಹಸಿರು ರೇಷ್ಮೆಯವಳು ಒಂದೇ ಒಂದು ಸ್ವರವನ್ನು ನೂಲಿನಷ್ಟು ಸಣ್ಣಗೆ ಎಳೆಯುತ್ತಿದ್ದಳು. ಮಿಕ್ಕವರು ಅದರ ಕೆಳಗೆ ಗಾಳಿಯಂತೆ ನುಡಿಸುತ್ತಿದ್ದರು. ಸಾವಿರ ಜನ ಕೆಮ್ಮನ್ನೂ ನುಂಗಿ ಕೂತಿದ್ದರು. ಪುಟ ಮುಗಿಯಿತು. ಅವನು ಹಾಳೆಗೆ ಎಡಗೈ ಚಾಚಿದ.

ಚರ್‌ರ್‌ರ್.

ಆ ಸದ್ದು ಏನೆಂದು ಸಭಾಂಗಣದಲ್ಲಿ ಯಾರಿಗೂ ತಿಳಿಯಲಿಲ್ಲ, ಒಬ್ಬಳನ್ನು ಬಿಟ್ಟು. ಅಮ್ಮ ಕೂತಲ್ಲೇ ಬೆನ್ನು ನೆಟ್ಟಗೆ ಮಾಡಿದಳು.

ವಿರಾಮದ ನಂತರ ಇಡೀ ವೃಂದ ನುಡಿಸುವ ಸಿಂಫನಿ. ಅವನು ಕಂಕುಳನ್ನು ಅದುಮಿ ಹಿಡಿದೇ ನುಡಿಸಿದ. ಆದರೆ ಹಾಳೆಗಳು ಅವನ ಮಾನವನ್ನೇನೂ ಲೆಕ್ಕಿಸಲಿಲ್ಲ, ಮುಗಿಯುತ್ತಲೇ ಹೋದವು. ಪ್ರತಿ ಸಲ ಕೈ ಚಾಚಿದಾಗಲೂ ಕಪ್ಪು ಕೋಟು ಬಾಯಿ ತೆರೆದು ಒಳಗಿನ ಬಿಳಿ ಅಂಗಿ ತೋರಿಸುತ್ತಿತ್ತು.

ಕಛೇರಿ ಮುಗಿದ ಮೇಲೆ, ವಾದ್ಯಗಳ ಪೆಟ್ಟಿಗೆಗಳು ಸಾಲಾಗಿ ನಿಂತಿದ್ದ ಹಿಂದಿನ ಕೋಣೆಗೆ ಅಮ್ಮ ಅಕ್ಕನ ತೋಳು ಹಿಡಿದು ಬಂದಳು. ಅವನ ಎಡಗೈ ಎತ್ತಿ ನೋಡಿದಳು.

“ಎಲ್ಲಿ ಬಿಟ್ಟಿದೆ ಅಂತ ಗೊತ್ತು. ಯಾಕೆ ಬಿಡ್ತು, ಹೇಳು.”

“ಅದೇನಾಯ್ತು ಅಂದ್ರೆ ಅಮ್ಮ, ನಾದದ ರಭಸಕ್ಕೆ ಕೋಟು—”

“ರಭಸಕ್ಕೆ ಹರಿದ್ರೆ ಬಲಗಡೆ ಹರೀಬೇಕು. ಇದು ಎಡಗಡೆ. ಸಿಂಫನಿ ಒಂದರಲ್ಲೇ ಹದಿಮೂರು ಸಲ ಕೈ ಚಾಚಿದೆ. ನಾನು ಎಣಿಸ್ದೆ.”

ಅಕ್ಕ ಕಿಟಕಿಯ ಕಡೆ ತಿರುಗಿ ನಗು ತಡೆದುಕೊಂಡಳು. ಮೀಸೆ ಅಗತ್ಯವಿಲ್ಲದಿದ್ದರೂ ತನ್ನ ಕಮಾನನ್ನು ಮತ್ತೆ ಒರೆಸತೊಡಗಿದ. ಮಗ ಬಾಯಿ ತೆರೆದ. ಹನ್ನೊಂದು ವರ್ಷದಲ್ಲಿ ಮೊದಲ ಸಲ ಅಲ್ಲಿ ಒಂದು ಕಥೆಯೂ ಸಿದ್ಧವಿರಲಿಲ್ಲ.

“ಹಾಳೆ ತಿರುಗಿಸ್ತೀನಿ ಅಮ್ಮ. ಕೊನೇ ಸಾಲು, ಒಳಗಿನ ಕುರ್ಚಿ. ಇವನು ನುಡಿಸ್ತಾ ಇರ್ತಾನೆ, ನಾನು ನಿಲ್ಲಿಸಿ ತಿರುಗಿಸ್ತೀನಿ. ಸೇರಿದ ದಿನದಿಂದ ಅಷ್ಟೇ.”

“ಬೋಳುತಲೆಯವನು?”

“ಬೋಳಾಗೇ ಬಂದ. ಬೋಳಾಗೇ ಹೋದ.”

ಅಮ್ಮ ಮೀಸೆಯ ಕಡೆ ನೋಡಿ ಕೇಳಿದಳು: “ಇವನು ತಿರುಗಿಸೋದು ತಡ ಆದ್ರೆ?”

“ನಾನು ಬಾವಿಗೆ ಬಿದ್ದ ಹಾಗೆ, ಅಮ್ಮಾ,” ಎಂದ ಮೀಸೆ. “ಇವತ್ತಿನವರೆಗೂ ಬಿದ್ದಿಲ್ಲ.”

“ಮೊದಲೇ ಬೊಗಳೋದಕ್ಕೇನಾಗಿತ್ತೋ ನಿನಗೆ,” ಎಂದು ಅಮ್ಮ ಮಗನಿಗೆ ಗದರಿದಳು. “ಕಂಕುಳಲ್ಲಿ ಎರಡು ಬೆರಳು ಬಟ್ಟೆ ಜಾಸ್ತಿ ಬಿಡ್ತಿದ್ದೆ. ಕೂತ್ಕೋ.”

ಚೀಲದಿಂದ ಟೇಪು ತೆಗೆದಳು. ಅವನು ಕುರ್ಚಿಯ ಮೇಲೆ ಕೂತು ಅಭ್ಯಾಸದಂತೆ ಬಲಗೈ ಎತ್ತಿದ. ಅಮ್ಮ ಆ ಕೈಯನ್ನು ಮೆಲ್ಲಗೆ ಕೆಳಗಿಳಿಸಿದಳು.

“ಅದಲ್ಲ. ತಿರುಗಿಸು.”

ಅವನು ಎಡಗೈ ಚಾಚಿ, ಅಲ್ಲಿಲ್ಲದ ಹಾಳೆಯೊಂದರ ತುದಿ ಹಿಡಿದು, ಸದ್ದಾಗದಂತೆ ತಿರುಗಿಸಿದ. ಅಮ್ಮನ ಟೇಪು ಅವನ ಭುಜದಿಂದ ಮಣಿಕಟ್ಟಿನವರೆಗೆ ಆ ಕೈಯ ಜೊತೆಗೇ ಸಾಗಿತು.